ಕುಳ್ಳಮ್ಮ ನೆಟ್ಟ ಲಕ್ಕಿ

ಕೋಟೆ ಸೀಮೆಯ ಕಾಡಂಚಿನ ಒಂದು ಗಿರಿಜನ ಹಾಡಿಯಲ್ಲಿ ಬಾಣಂತಿಗೆ ನೀರು ಹಾಕಬೇಕೆಂದರೆ ಲಕ್ಕಿ ಸೊಪ್ಪು ಬೇಕೇ ಬೇಕು. ಹಿಂದೆ ಸೂಲಗಿತ್ತಿಯಾಗಿದ್ದ ಕುಳ್ಳಮ್ಮ ನಲವತ್ತು ವರ್ಷದಿಂದ ಕೆರೆ ಏರಿಯ ಒಂದೇ ಪೊದೆಯಿಂದ ಸೊಪ್ಪು ತಂದವಳು. ಈಗ ಏರಿ ಮೇಲಿನ ರಸ್ತೆ ಅಗಲ ಮಾಡುತ್ತಾರಂತೆ, ಪೊದೆ ಹೋಗುತ್ತದಂತೆ. ಮೊಮ್ಮಗಳು ವನಿತಾಗೆ ಆಗಲೇ ಮೂರು ತಿಂಗಳು. ಅವಳ ಬಾಣಂತನಕ್ಕೆ ಸೊಪ್ಪು ಎಲ್ಲಿಂದ ತರುವುದು?

ಮಹಿಳಾ ಸಂಘದ ಶ್ಯಾಮಲಾ ಹೊಗೆಸೊಪ್ಪಿನ ಸಸಿ ಮಡಿಯಲ್ಲಿ ಕೈ ಪಳಗಿದವಳು. "ಕಡ್ಡಿ ತಂದು ನೆಡಿ ಅಜ್ಜಿ" ಅಂದಿದ್ದಳು. ಕುಳ್ಳಮ್ಮ ಅಂಗಳದಲ್ಲಿ ಐದು ಕಡ್ಡಿ ನೆಟ್ಟಳು. ಇಪ್ಪತ್ತು ದಿನಕ್ಕೆ ಐದೂ ಒಣಗಿ ಸೌದೆ.

"ನೋಡ್ದೇನವ್ವ? ಕಾಡಿಂದು ಕಾಡ್ನಲ್ಲೇ ಇರ್ಬೇಕು. ನಾವ್ ನೆಟ್ರೆ ಬಾಳಾಕಿಲ್ಲ, ಬುಡು."

ಶ್ಯಾಮಲಾ ಒಂದು ಕಡ್ಡಿ ಕಿತ್ತು ನೋಡಿದಳು. ಗೆಣ್ಣಿನ ಮೊಗ್ಗೆಲ್ಲ ನೆಲಕ್ಕೆ ಮುಖ ಮಾಡಿದ್ದವು.

"ಅಜ್ಜಿ, ತಲೆಕೆಳಗಾಗಿ ನೆಟ್ಟಿದ್ದೀರಲ್ಲ!"

"ಮತ್ತೆ? ಈ ಕೈಲಿ ನೂರಾರು ಕೂಸು ಎತ್ತಿವ್ನಿ ಕಣವ್ವ. ತಲೆ ಕೆಳ್ಗಿದ್ರೇ ಸಲೀಸು."

ವನಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದು ಕೂಸಿಗೆ ಕಣಜ್ಜಿ, ಕಡ್ಡಿಗಲ್ಲ!"

"ಎಳೇದು ಬೇಡ, ಮುದೀದೂ ಬೇಡ" ಅಂದಳು ಶ್ಯಾಮಲಾ. "ಪೆನ್ಸಿಲ್ ದಪ್ಪ, ಗೇಣುದ್ದ. ಕೆಳಗಿನ ಎಲೆ ತೆಗೀರಿ. ಮಣ್ಣಿಗೆ ಮರಳು ಬೆರೆಸಿ, ಎರಡು ಗೆಣ್ಣು ಒಳಗೆ ಹೋಗೋ ಹಂಗೆ ನೆಡಿ. ನೆರಳಿರೋ ಜಾಗ ಆಗಬೇಕು. ತೇವ ಇರಲಿ, ನೀರು ನಿಲ್ಲಬಾರದು. ಬೇರು ಬಂತಾ ಅಂತ ಕಿತ್ತು ನೋಡಬೇಡಿ."

"ನನ್ ಕಣ್ಣು ಮಂಜು. ಬುಡ ಯಾವ್ದು ಅಂತ ಎಂಗೆ ತಿಳಿಯದು?"

"ಕಡಿಯುವಾಗಲೇ ಬುಡ ಓರೆಯಾಗಿ, ತಲೆ ನೇರವಾಗಿ ಕಡೀರಿ. ಬೆರಳಾಡಿಸಿದರೆ ಸಾಕು."

ಕುಳ್ಳಮ್ಮನ ಮುಖ ಅರಳಿತು. "ತಲೆ ಎಲ್ಲದೆ ಅಂತ ಕೈಲೇ ತಿಳ್ಕಳದು ನಂಗೇನ್ ಹೊಸ್ದಾ?"

ಈ ಸಲ ಅಂಗಳದ ನೆರಳಲ್ಲಿ ಹತ್ತು ಕಡ್ಡಿ ನೆಟ್ಟಳು. ಎಂಟು ಚಿಗುರಿದವು. ಅಷ್ಟರಲ್ಲಿ ಜೆಸಿಬಿ ಬಂತು, ಏರಿ ಮೇಲಿನ ಪೊದೆ ಹೋಯಿತು.

ಆಸ್ಪತ್ರೆಯಲ್ಲಿ ಹೆರಿಗೆಯಾಗಿ ವನಿತಾ ಹೆಣ್ಣುಕೂಸಿನ ಜೊತೆ ಮನೆಗೆ ಬಂದಳು. ಹಂಡೆಯಲ್ಲಿ ಕುದಿಯುತ್ತಿದ್ದದ್ದು ಅಂಗಳದ ಲಕ್ಕಿ. ಆ ಘಮ ಹಾಡಿಗೆಲ್ಲ ಹಬ್ಬಿತು. ಕುಳ್ಳಮ್ಮ ಅವತ್ತು ನೀರು ಹಾಕಿದ್ದು ಮಹಾರಾಣಿಯ ಗತ್ತಿನಲ್ಲಿ.

ಈಗ ಕಂಪಲಾಪುರದ ಸಂಘದವರೂ ಅವಳಂಗಳಕ್ಕೆ ಬರುತ್ತಾರೆ. ಕಡ್ಡಿ ಕೊಡುವ ಮುಂಚೆ ಅವಳದೊಂದು ಪರೀಕ್ಷೆ: "ಕಣ್ ಮುಚ್ಕಳಿ. ಬುಡ ಯಾವ್ದು ಯೋಳಿ ನೋಡಾನ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಬೇಲಿಯಲ್ಲೂ ಒಂಟಿ ಲಕ್ಕಿಯೋ ಆಡುಸೋಗೆಯೋ ಅಮೃತಬಳ್ಳಿಯೋ ಉಳಿದಿದ್ದೀತು. ಬುಡಸಮೇತ ಕೀಳಬೇಡಿ. ಈ ಮಳೆಗಾಲಕ್ಕೆ ಒಂದು ಗೇಣು ಕಡ್ಡಿ ತಂದು, ಬುಡ ಕೆಳಗಿಟ್ಟು ನೆಡಿ. ಚಿಗುರಿದ ಮೇಲೆ ಪಕ್ಕದ ಮನೆಗೂ ಒಂದು ಕೊಡಿ.