ಬೊಂಡಾಸದ ಕಡ್ಡಿ

ಸಿಂಕಿನಲ್ಲಿ ಬಿದ್ದ ಬೊಂಡಾಸ ಮೀನಿನ ಕಣ್ಣು ಇವಳನ್ನೇ ನೋಡುತ್ತಿದೆ, ನೋಡು, ನೀನಾದರೂ ನೋಡು, ಈ ಮನೆಯಲ್ಲಿ ಇನ್ಯಾರು ನೋಡುತ್ತಾರೆ ಇವಳ ಮುಖ — ತಲೆ ಹಿಡಿದು ಎಳೆದರೆ ಕಾಲು ಕರುಳು ಎಲ್ಲ ಒಟ್ಟಿಗೆ ಜಾರಿ ಬರುತ್ತವೆ, ಮಸಿಚೀಲ ಒಡೆಯಬಾರದು, ಒಡೆಯಿತು, ಒಡೆಯಲಿ, ಬೆರಳೆಲ್ಲ ಕಪ್ಪು, ಕೈ ಕೆಸರು ಇವಳದು, ಬಾಯಿ ಮೊಸರು ಅಕ್ಕ-ತಮ್ಮನದು. ಬೆಳಿಗ್ಗೆ ಗಂಡ ಚೀಲ ತಂದು ಕುಕ್ಕಿ ಎಷ್ಟು ಸಲೀಸಾಗಿ ಹೇಳಿಬಿಟ್ಟ, ಮಧ್ಯಾಹ್ನ ಊಟಕ್ಕೆ ಅಕ್ಕ ಬರ್ತಾಳೆ, ಅವಳಿಗೆ ಇದಂದ್ರೆ ಪ್ರಾಣ, ಹಾಂ, ಮುಂದಿನ ವಾರದಿಂದ ಇಲ್ಲೇ ಇರ್ತಾಳೆ, ಆ ಸಣ್ಣ ಕೋಣೇಲಿ, ನಿನ್ನ ಹೊಲಿಗೆ ಮೆಷಿನ್ನು ಹಜಾರದ ಮೂಲೆಗೆ ಹಾಕಿದ್ರಾಯ್ತು. ಹಾಕಿದ್ರಾಯ್ತಂತೆ! ಬಾಯಿಮಾತಿಗೂ ಕೇಳಲಿಲ್ಲ, ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಾಗ ಮಾತ್ರ ಇವಳು ಯಾರ ಹೆಂಡತಿಯೂ ಅಲ್ಲ, ಕಿಟಕಿಯ ಬೆಳಕು, ಬಟ್ಟೆಯ ಚೂರುಗಳು, ಮೆಷಿನ್ನಿನ ಟಕಟಕ, ಇವಳದು ಅಂತ ಇದ್ದದ್ದೇ ಅಷ್ಟು, ಅದರ ಮೇಲೂ ಕಣ್ಣು ಬಿತ್ತು. ಸಿಪ್ಪೆ ಸುಲಿದು ಕೊಳವೆಯಂಥ ಮೈಯೊಳಗೆ ಬೆರಳು ತೂರಿಸಿದರೆ ಕಡ್ಡಿ ಸಿಗುತ್ತದೆ, ಬೆನ್ನಿಗೆ ಅಂಟಿಕೊಂಡದ್ದು, ಗಾಜಿನಂತೆ ತೆಳ್ಳಗೆ, ಎಳೆದರೆ ಸರ್ರನೆ ಬರುತ್ತದೆ — ಮದುವೆಯಾದ ಹೊಸದರಲ್ಲಿ ಇದು ಗೊತ್ತಿರಲಿಲ್ಲ, ಹಾಗೇ ಸುಟ್ಟು ಬಡಿಸಿದ್ದಳು, ಇದೇ ಅತ್ತಿಗೆ, ಗಂಡನ ಈ ಅಕ್ಕ, ಅದನ್ನು ಬಾಯಿಂದ ತೆಗೆದು ಎಲ್ಲರೆದುರು ಎತ್ತಿ ಹಿಡಿದು, ಏನೇ ಇದು, ನಮಗೆ ಪ್ಲಾಸ್ಟಿಕ್ ತಿನ್ನಿಸ್ತೀಯಾ, ನಿಮ್ಮಮ್ಮ ಏನೂ ಕಲಿಸಿ ಕಳಿಸಲಿಲ್ವಾ, ಮನೆಯೆಲ್ಲ ನಗು, ಗಂಡನದೇ ಎಲ್ಲರಿಗಿಂತ ಜೋರು. ಅಂದಿನಿಂದ ಒಂದೇ ಒಂದು ಕಡ್ಡಿ ಉಳಿಸಿದವಳಲ್ಲ, ಕಣ್ಣು ಮುಚ್ಚಿಕೊಂಡೂ ತೆಗೆದಾಳು. ಇವತ್ತು ಎಲ್ಲಕ್ಕಿಂತ ದೊಡ್ಡದರಲ್ಲಿ ಬಿಟ್ಟಳು. ಬೇಕಂತಲೇ ಬಿಟ್ಟಳು.

ಬಾಲ್ಕನಿಯಲ್ಲಿ ಕೆಂಡ ನಿಗಿನಿಗಿ, ಉಪ್ಪು ಖಾರ ನಿಂಬೆಹುಳಿ ಸವರಿ ಜಾಲರಿಯ ಮೇಲಿಟ್ಟರೆ ಚುರ್ರೆಂದು ಸುರುಟಿಕೊಳ್ಳುತ್ತದೆ, ಒಂದು ಗಳಿಗೆ ಹೆಚ್ಚಾದರೆ ರಬ್ಬರು, ಅಷ್ಟರಲ್ಲಿ ಗಂಡ ಬಂದು ಇಕ್ಕಳ ಕಿತ್ತುಕೊಂಡ, ಆಚೆ ಸರಿ, ಸುಡೋದು ನಾನು ನೋಡ್ಕೋತೀನಿ, ಹೂಂ, ತಿಕ್ಕಿ ತೊಳೆಯುವವಳು ಒಬ್ಬಳು, ಮೆರೆಯುವವನು ಇನ್ನೊಬ್ಬ, ಆಹಾ ಏನು ಕೈರುಚಿಯೋ ನಿಂದು ಅಂತ ಅಕ್ಕ ಆಗಲೇ ಒಳಗಿನಿಂದ ಶುರು ಹಚ್ಚಿದ್ದಾಳೆ, ಇನ್ನೂ ಬಾಯಿಗೇ ಇಟ್ಟಿಲ್ಲ! ದೊಡ್ಡದನ್ನು ಇವಳೇ ಬಡಿಸಿದಳು, ತಗೊಳ್ಳಿ ಅತ್ತಿಗೆ, ನಿಮಗೇ ಅಂತ ತೆಗೆದಿಟ್ಟೆ. ಅತ್ತಿಗೆ ಕಚ್ಚಿದಳು, ಅಗಿಯುವುದು ನಿಂತಿತು, ಎರಡು ಬೆರಳು ಬಾಯೊಳಗೆ ಹೋದವು, ಈಗ ತಿಳಿಯುತ್ತದೆ, ನೀನು ಈ ಮನೆಗೆ ಬೇಡ ಅಂತ ಈಗ ನೆಟ್ಟಗೆ ತಿಳಿಯುತ್ತದೆ, ಬೈಯಲಿ, ತಟ್ಟೆ ಎಸೆದು ಎದ್ದು ಹೋಗಲಿ — ಅತ್ತಿಗೆ ನಕ್ಕಳು, ಅಯ್ಯೋ ಪೆದ್ದಿ, ಇಷ್ಟು ವರ್ಷ ಆದ್ರೂ ಕಲೀಲಿಲ್ವಲ್ಲೇ, ಇರಲಿ ಬಿಡು, ಇನ್ನು ನಾನು ಇಲ್ಲೇ ಇರ್ತೀನಲ್ಲ, ಕಲಿಸ್ತೀನಿ. ಗಂಡನೂ ನಕ್ಕ. ಬೇಕಂತಲೇ ಬಿಟ್ಟೆ ಅನ್ನಬೇಕು, ಬೇಕಂತಲೇ ಅನ್ನಬೇಕು, ತಟ್ಟೆಯ ಅಂಚಿನಲ್ಲಿ ಕಡ್ಡಿ, ತೆಳ್ಳಗೆ, ಗಾಜಿನಂತೆ, ಅದರಾಚೆ ಅತ್ತಿಗೆಯ ಖಾರ ಮೆತ್ತಿದ ಬೆರಳು, ಕಡ್ಡಿ, ಬೇಕಂತಲೇ ಬಿಟ್ಟದ್ದೆಂದು ಯಾರಿಗೂ ತಿಳಿಯದ ಆ ಕಡ್ಡಿ