ಬೀಗ್ತಿಗೆ ಕೊಡಬೇಕಿದ್ದ ಪದ

ಕಾರ್ತಿಕದ ಬಿಸಿಲು ಬೆನ್ನಿಗೆ ಹಿತವಾಗಿತ್ತು. ಕಿತ್ತು ಒಣಗಿಸಿದ ಶೇಂಗಾ ಬಳ್ಳಿಯನ್ನು ಬೇವಿನ ಮರದಡಿ ಗುಡ್ಡೆ ಹಾಕಿಕೊಂಡು ಯರ್ರಮ್ಮನೂ ಸೊಸೆ ಪ್ರೇಮಲತಾಳೂ ಕಾಯಿ ಬಿಡಿಸುತ್ತಿದ್ದರು. ಯರ್ರಮ್ಮನ ಕೈ ತನ್ನ ಪಾಡಿಗೆ ಓಡುತ್ತಿತ್ತು, ತುಟಿ ಏನನ್ನೋ ಗುನುಗುತ್ತಿತ್ತು. ಇದ್ದಕ್ಕಿದ್ದಂತೆ ಕೈ ನಿಂತಿತು.

"ಸಿಕ್ತು ಕಣೇ!"

"ಏನ್ ಸಿಕ್ತು ಅತ್ತೆ, ಕಳ್ಕೊಂಡಿದ್ದ ಮೂಗುಬಟ್ಟಾ?"

"ಬೀಗ್ತಿಗೆ ಕೊಡಬೇಕಿದ್ದ ಪದ!"

ಪ್ರೇಮಲತಾ ನಕ್ಕಳು. ಆ ಪದದ ಕತೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಗಳು ನಿರ್ಮಲಾಳನ್ನು ಮೊಳಕಾಲ್ಮೂರಿನ ಮಗ್ಗದ ಮನೆಗೆ ಕೊಟ್ಟಾಗ, ಹೆಣ್ಣು ಗಂಡು ಹಸೆಯ ಮೇಲೆ ಕೂತಿದ್ದಂತೆ, ಗಂಡಿನ ತಾಯಿ ಲಕ್ಷ್ಮೀದೇವಿ ಯರ್ರಮ್ಮನ ಮುಖ ನೋಡಿ ಒಂದು ಪದ ಹಾಡಿದ್ದಳು. ಹಸೆಯ ಮುಂದೆ ಬೀಗರು ಎಷ್ಟು ಬೈದು ಹಾಡಿದರೂ ಯಾರೂ ಬೇಜಾರು ಮಾಡಿಕೊಳ್ಳುವಂತಿಲ್ಲ, ತಿರುಗಿ ಹಾಡಬೇಕು ಅಷ್ಟೇ. ಯರ್ರಮ್ಮನೋ ಹಟ್ಟಿಗೆಲ್ಲ ಹೆಸರಾದ ಹಾಡುಗಾರ್ತಿ. ತೊಟ್ಟಿಲಿಗೂ ಅವಳೇ ಬೇಕು, ದೇವರ ಮೆರವಣಿಗೆಗೂ ಅವಳೇ ಬೇಕು. ಆದರೆ ಅವತ್ತು ಮಗಳನ್ನು ಕಳಿಸುವ ಸಂಕಟದಲ್ಲಿ ಒಂದು ಸಾಲೂ ಹೊಳೆಯಲಿಲ್ಲ. ಪದಕ್ಕೆ ಪದ ಕೊಡದೆ ಹಸೆಯ ಮುಂದಿಂದ ಎದ್ದು ಬಂದಿದ್ದಳು. ಆಮೇಲೆ ನಾಯಕನಹಟ್ಟಿಯ ತಿಪ್ಪೇಸ್ವಾಮಿಗೆ ಕೈ ಮುಗಿದಾಗಲೆಲ್ಲ, ಉಳಿದವರು ಮಳೆ ಬೆಳೆ ಕೇಳಿದರೆ, ಅವಳು ಮೂರು ಸಾಲು ಕೇಳುತ್ತಿದ್ದಳು.

"ಸಂಕ್ರಾಂತಿಗೆ ಹೋಗಿ ಹಾಡಿದ್ರಾಯ್ತು ಬಿಡ್ರಿ."

"ಅಲ್ಲೀತನಕ ಕಾಯಕಾಗುತ್ತಾ? ಅವರತ್ತೆಗೆ ಮರೆವು ಜಾಸ್ತಿ ಆಗೈತೆ ಅಂತ ನಿರ್ಮಲಾ ಫೋನ್ ಮಾಡಿರ್ಲಿಲ್ವಾ? ಪೂರಾ ಮರೆಯೋದ್ರೊಳಗೆ ಹಾಡ್ಬೇಕು ಕಣೇ."

ಮಾರನೆಯ ಬೆಳಿಗ್ಗೆ ಹೊರಟೇಬಿಟ್ಟಳು. ನಾಯಕನಹಟ್ಟಿಯಲ್ಲಿ ಬಸ್ಸಿನ ಕಿಟಕಿಯಿಂದಲೇ ಸ್ವಾಮಿಗೆ ಕೈ ಮುಗಿದು, ತಡವಾದರೂ ಕೊಟ್ಟೆಯಲ್ಲಪ್ಪ ಅಂದಳು. ಚಳ್ಳಕೆರೆಯಲ್ಲಿ ಬಸ್ಸು ಬದಲಾಯಿಸಿದಾಗ ಕಂಡಕ್ಟರ್ ಬಂದು ನಿಂತ. "ಹಾಡು ಆಮೇಲೆ ಅಜ್ಜಿ, ಮೊದ್ಲು ಆಧಾರ್ ಕಾರ್ಡ್ ತೋರ್ಸ್ರಿ."

ಗಂಡ ಬದುಕಿದ್ದಾಗ ಇದೇ ದಾರಿಯಲ್ಲಿ ಕುರಿ ಹೊಡೆದುಕೊಂಡು ನಡೆದಿದ್ದಳು. ಆಗ ಒಂದು ಗುಡ್ಡ ಮರೆಯಾಗುವುದರೊಳಗೆ ದೇವರ ಪದವೊಂದನ್ನು ಮೊದಲಿಂದ ಕೊನೆಯವರೆಗೆ ಹಾಡಬಹುದಿತ್ತು. ಈಗ ಪಲ್ಲವಿ ಎತ್ತುವುದರೊಳಗೆ ಗುಡ್ಡವೇ ಹಿಂದೆ ಹೋಗುತ್ತಿತ್ತು. ಆದರೂ ಕಾಲು ನೋಯುವುದಿಲ್ಲವಲ್ಲ ಎಂದು ಕಾಲು ಚಾಚಿ ಕೂತಳು.

ಮೊಳಕಾಲ್ಮೂರಿನ ಆ ಓಣಿಯಲ್ಲಿ ಮಗ್ಗದ ಸದ್ದು ನಡೆದಿತ್ತು. ಜಗಲಿಯ ಮೇಲೆ ರೇಷ್ಮೆ ನೂಲು ಸುತ್ತುತ್ತಿದ್ದ ಲಕ್ಷ್ಮೀದೇವಿ ತಲೆಯೆತ್ತಿದಳು.

"ರಾ ವದಿನಾ, ಕೂಕೋ!"

ತನ್ನ ಮನೆಮಾತು ತೆಲುಗಿನಲ್ಲೇ ಅತ್ತಿಗೆ ಎಂದು ಕರೆದು ಕೂರಲು ಹೇಳಿದಳು. ಗುರುತು ಸಿಕ್ಕಿತಲ್ಲ ಎಂದು ಯರ್ರಮ್ಮನಿಗೆ ಜೀವ ಬಂದಂತಾಯಿತು. "ನಿನ್ನ ಪದಕ್ಕೆ ಪದ ತಂದೀನಿ ಬೀಗ್ತಿ."

"ಯಾವ ಪದ?"

ಯರ್ರಮ್ಮ ಚೀಲ ಹಿಡಿದುಕೊಂಡೇ ನಿಂತಳು. ಇಷ್ಟು ವರ್ಷ ತನ್ನನ್ನು ಚುಚ್ಚಿದ್ದು ಇವಳ ನೆನಪಿನಲ್ಲೇ ಇಲ್ಲ. ಇನ್ನು ಯಾವುದಕ್ಕೆ ಉತ್ತರ ಕೊಡುವುದು?

"ಬಿಡವ್ವಾ, ಅವರಿಗೆ ಎಲ್ಲಿ ನೆನಪಿರುತ್ತೆ," ಎಂದಳು ನಿರ್ಮಲಾ.

"ನಾನೇ ನೆನಪು ಮಾಡ್ತೀನಿ. ನಿನ್ನ ಗಂಡನ್ನ ಕರಿ. ಹಸೆ ಹಾಕು."

ಬೋರಣ್ಣ ಮಗ್ಗದ ಗುಂಡಿಯಿಂದ ಎದ್ದು ಬಂದ. ಅವನ ಮೀಸೆ ನರೆತಿತ್ತು. "ಇದೇನತ್ತೆ, ಈ ವಯಸ್ಸಲ್ಲಿ ಮತ್ತೆ ಮದುವೆ?"

"ಹೆಣ್ಣು ಹಳೇದೇ, ಹೆದರಬ್ಯಾಡ್ರಿ. ಕೂತ್ಕಳ್ರಿ."

ಗಂಡ ಹೆಂಡತಿ ನಾಚಿಕೊಂಡು ಕಂಬಳಿಯ ಮೇಲೆ ಕೂತರು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಅವತ್ತು ಬೀಗ್ತಿ ತನ್ನ ಮೇಲೆ ಹಾಡಿದ ಪದವನ್ನು ಅರೆಬರೆ ಹಾಡಿದರೆ ಅದಕ್ಕೆ ಕೊಡುವ ಉತ್ತರವೂ ಅರೆಬರೆಯೇ. ಯರ್ರಮ್ಮ ಗಂಟಲು ಬಿಚ್ಚಿ ಹಾಡಿದಳು:

ಕರಿಯ ಕಂಬಳಿ ಹೊದ್ದು ಬಂದಾಳೆ ನಮ ಬೀಗ್ತಿ
ಮರಿಯೆಲ್ಲ ತಾಯೆಂದು ಮೊಲೆ ಹುಡುಕ್ಯಾವೆ, ಬೀಗ್ತಿ
ಹರದಾರಿ ದೂರ ಓಡ್ಯಾಳೆ

ಬಾಗಿಲಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಲಕ್ಷ್ಮೀದೇವಿ. "ಅಯ್ಯಯ್ಯೋ, ಯಾವಾಕೆ ಕಟ್ಟಿದ್ದು ಇದನ್ನ?"

"ನೀನೇ ಕಣೇ! ಈಗ ನಂದು ಕೇಳು."

ಪಟ್ಟೆಯ ಸೀರೆ ನೇಯ್ತಾಳೆ ನಮ ಬೀಗ್ತಿ
ಉಟ್ಟಿದ್ದು ಮಾತ್ರ ನೂಲೀದು, ತಕ್ಕೊಳ್ಳೆ
ಕೊಟ್ಟೇನು ನನ್ನ ಕಂಬಳಿಯ

ಈ ಸಲ ಯಾರೂ ನಗಲಿಲ್ಲ. ಲಕ್ಷ್ಮೀದೇವಿ ತನ್ನ ಸೆರಗಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದಳು. ಏಟು ಜೋರಾಯಿತೇನೋ ಎಂದು ಯರ್ರಮ್ಮ ಅವಳ ಹತ್ತಿರಕ್ಕೆ ಸರಿದಳು.

"ನಿರ್ಮಲನ ಮದುವೇಲಿ ಪಟ್ಟೆ ಸೀರೆ ಉಟ್ಟಿದ್ದೆ," ಎಂದಳು ಲಕ್ಷ್ಮೀದೇವಿ ನಿಧಾನವಾಗಿ. "ಹಸಿರು ರೇಷ್ಮೇದು, ಗಿಣಿ ಸೆರಗು. ಅದು ಸಾವ್ಕಾರಂದು ಕಣೇ! ಅವನಿಗೆ ನೇಯ್ದಿದ್ದನ್ನ ಒಂದಿನ ಉಟ್ಟು, ಮಡಿಸಿ ಕೊಟ್ಬಿಟ್ಟೆ. ಸೀರೇಲಿ ಅರಿಶಿಣ ಎಲ್ಲಿಂದ ಬಂತಮ್ಮ ಅಂದ. ಮಗ್ಗಕ್ಕೆ ಪೂಜೆ ಮಾಡಿದ್ವಿ ಸಾವ್ಕಾರ್ರೇ ಅಂದೆ!"

ಓಣಿಯೇ ನಕ್ಕಿತು. ಬೋರಣ್ಣ ಹಸೆಯ ಮೇಲೆ ಬಾಯಿ ತೆರೆದುಕೊಂಡು ಕೂತಿದ್ದ. ಈ ಕತೆ ಮಗನಿಗೂ ಗೊತ್ತಿರಲಿಲ್ಲ.

"ಹಂಗಾದ್ರೆ ನನ್ನ ಬಾಕಿ ತೀರ್ತಾ ಬೀಗ್ತಿ?" ಯರ್ರಮ್ಮ ಕಣ್ಣೊರೆಸಿಕೊಂಡು ಕೇಳಿದಳು.

"ತೀರ್ತು ಬಿಡು. ಆದ್ರೂ ನಿಂದಕ್ಕಿಂತ ನಂದೇ ಚೆಂದೈತೆ. ಇನ್ನೊಂದ್ಸಲ ಹೇಳು."

ಯರ್ರಮ್ಮ ಸೆರಗು ಸರಿಮಾಡಿಕೊಂಡು, ತನ್ನನ್ನೇ ಆಡಿಕೊಳ್ಳುವ ಪದವನ್ನು ಮೊದಲಿನಿಂದ ಎತ್ತಿದಳು.