ಜೇಬಿಲ್ಲದ ಚಡ್ಡಿಯ ಬ್ಯಾಕ್‌ಹ್ಯಾಂಡ್

ಚಿಕ್ಕಜಾಲದ ಟೆನ್ನಿಸ್ ಅಕಾಡೆಮಿಯ ಗೇಟಿನ ಮೇಲಿರುವ ಆ ಫೋಟೊ ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಎರಡಾಳೆತ್ತರದ ಫೋಟೊ. ಅಕಾಡೆಮಿ ನಡೆಸುವ ನಯನಾ ಮೇಡಂ ಎಡಕ್ಕೆ ಬಂದ ಚೆಂಡಿಗೆ ಬಲಗೈ ಒಂದರಲ್ಲೇ ರ‍್ಯಾಕೆಟ್ ಬೀಸಿ ಬ್ಯಾಕ್‌ಹ್ಯಾಂಡ್ ಹೊಡೆದಿದ್ದಾರೆ. ಎಡಗೈ ಮುಷ್ಟಿ ಬಿಗಿದು ಸೊಂಟದ ಪಕ್ಕದಲ್ಲಿದೆ. ಕೆಳಗೆ ದಪ್ಪಕ್ಷರದಲ್ಲಿ ಬರೆದಿದೆ: ‘ಮುಷ್ಟಿ ಬ್ಯಾಕ್‌ಹ್ಯಾಂಡ್. ಚಾಂಪಿಯನ್ ತಾನೇ ಕಂಡುಕೊಂಡ ಹೊಡೆತ.’

ತಾನೇ ಕಂಡುಕೊಂಡದ್ದಂತೆ! ಆ ಹೊಡೆತ ನನ್ನ ಅಬ್ಬಾನದು. ಅಬ್ಬಾ, ಅಂದರೆ ಜಹೀರ್, ಯಶವಂತಪುರದ ಕಡೆಯ ಒಂದು ಕ್ಲಬ್ಬಿನಲ್ಲಿ ಮೂವತ್ತೊಂದು ವರ್ಷ ಮಾರ್ಕರ್ ಆಗಿದ್ದವರು. ಮಾರ್ಕರ್ ಎಂದರೆ ಸದಸ್ಯರಿಗೆ ಜೊತೆ ಸಿಗದಾಗ ಎದುರು ನಿಂತು ಆಡುವ ಸಂಬಳದ ಆಳು. ಅವನು ಗೆಲ್ಲುವಂತಿಲ್ಲ, ತೀರಾ ಸೋಲುವಂತೆಯೂ ಇಲ್ಲ. ಒಂದು ಚೆಂಡು ಹೊರಗೆ ಹೋದರೆ ಸಾಹೇಬರನ್ನು ಕಾಯಿಸದೆ ತಕ್ಷಣ ಇನ್ನೊಂದು ಹಾಕಬೇಕು. ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳೋಣವೆಂದರೆ ಕ್ಲಬ್ಬಿನವರು ಕೊಡುವ ಚಡ್ಡಿಗೆ ಜೇಬೇ ಇರಲಿಲ್ಲ. ಮಾರ್ಕರ್‌ಗಳು ಚೆಂಡು ಕದ್ದಾರು ಎಂದು ದರ್ಜಿಗೆ ಹೇಳಿಯೇ ಹಾಗೆ ಹೊಲಿಸುತ್ತಿದ್ದರು. ಹಾಗಾಗಿ ಅಬ್ಬಾ ಎಡಗೈಯಲ್ಲಿ ಎರಡು ಚೆಂಡು ಹಿಡಿದುಕೊಂಡೇ ಆಡುತ್ತಿದ್ದರು. ಒಂದು ಕೈ ತುಂಬಿರುವಾಗ ಬ್ಯಾಕ್‌ಹ್ಯಾಂಡನ್ನು ಇನ್ನೊಂದರಲ್ಲೇ ಹೊಡೆಯಬೇಕಲ್ಲ?

ನಯನಾ ಆ ಕ್ಲಬ್ಬಿನ ಸೆಕ್ರೆಟರಿ ಚಿಕ್ಕಬೈರಪ್ಪನವರ ಮಗಳು. ಹತ್ತು ವರ್ಷದವಳಿದ್ದಾಗಿನಿಂದ ದಿನಾ ಬೆಳಿಗ್ಗೆ ಬಂದು, ‘ಜಹೀರ್, ಬಾಲ್ ಹಾಕು’ ಎನ್ನುತ್ತಿದ್ದಳು. ಅಪ್ಪನ ವಯಸ್ಸಿನವರಿಗೆ ಏಕವಚನ. ಅಬ್ಬಾನಿಗೆ ತಿಂಡಿ ಡಬ್ಬಿ ಕೊಡಲು ಹೋಗುತ್ತಿದ್ದ ನಾನು ಮೆಟ್ಟಿಲ ಮೇಲೆ ಕೂತು ಎಲ್ಲ ನೋಡುತ್ತಿದ್ದೆ. ಗೋಡೆಯ ಮೇಲೆ ಚಿಕ್ಕಬೈರಪ್ಪನವರು ಹಾಕಿಸಿದ ಬೋರ್ಡು ಇತ್ತು: ‘ಮಾರ್ಕರ್‌ಗಳು ಸದಸ್ಯರ ಮಕ್ಕಳಿಗೆ ಆಟ ಹೇಳಿಕೊಡಕೂಡದು.’ ಅಬ್ಬಾ ತುಟಿ ಬಿಚ್ಚಲಿಲ್ಲ. ಆರು ವರ್ಷ ಸುಮ್ಮನೆ ಚೆಂಡು ಹಾಕಿದರು. ಅವಳು ನೋಡಿ ನೋಡಿಯೇ ಕಲಿತಳು, ಮುಷ್ಟಿಯನ್ನೂ ಸೇರಿಸಿ. ಮುಂದೆ ಎರಡು ಸಲ ರಾಷ್ಟ್ರ ಚಾಂಪಿಯನ್ ಆದಳು. ಇಪ್ಪತ್ತಾರಕ್ಕೆ ಬಲ ಭುಜದ ಆಪರೇಷನ್ ಆಗಿ ಆಟ ಮುಗಿಯಿತು. ಯಾವ ಸಂದರ್ಶನದಲ್ಲೂ ಜಹೀರ್ ಎಂಬ ಹೆಸರು ಬರಲಿಲ್ಲ.

ಇಷ್ಟೆಲ್ಲ ಉರಿದುಕೊಳ್ಳುವ ನಾನು ನನ್ನ ಮಗಳು ಐಮನ್‌ಳನ್ನು ಅದೇ ಅಕಾಡೆಮಿಗೆ ಸೇರಿಸಿದೆ. ಕೆಲಸದಾಳಿನ ಮೊಮ್ಮಗಳು ಚಾಂಪಿಯನ್ ಹತ್ತಿರ ಕಲಿಯಲಿ ಎಂಬ ಆಸೆ ನನಗೂ ಇತ್ತು, ಸುಳ್ಳೇಕೆ ಹೇಳಲಿ. ಅವರು ಕೊಟ್ಟ ಫಾರಂನಲ್ಲಿ ‘ಮನೆಯಲ್ಲಿ ಬೇರೆ ಯಾರೂ ಆಟ ಹೇಳಿಕೊಡಬಾರದು’ ಎಂಬ ಷರತ್ತಿತ್ತು. ಕೋಗಿಲು ಕ್ರಾಸಿನ ಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನಗೆ, ಟ್ಯೂಷನ್ ಮೇಷ್ಟ್ರು ಬೇರೆ ಥರ ಹೇಳಿಕೊಟ್ಟಾಗ ಮಕ್ಕಳಿಗಾಗುವ ಗೊಂದಲ ಗೊತ್ತು. ಸರಿ ಅನ್ನಿಸಿತು. ಒಂದು ಸಂಜೆ ಅಬ್ಬಾ, ಅಂದರೆ ಐಮನ್‌ಳ ನಾನಾಜಾನ್, ಮನೆಯ ಹಾಲ್‌ನಲ್ಲಿ ಐಮನ್‌ಳ ರ‍್ಯಾಕೆಟ್ ಕೈಗೆತ್ತಿಕೊಂಡಾಗ, “ಬೇಡ ಅಬ್ಬಾ, ಅವ್ರು ಹೇಳಿದ್ದನ್ನೇ ಕಲೀಲಿ” ಎಂದೆ. ಅವರು ರ‍್ಯಾಕೆಟ್ಟನ್ನು ಸೋಫಾ ಮೇಲಿಟ್ಟು ನಮಾಜಿಗೆ ಎದ್ದರು.

ಎರಡು ತಿಂಗಳಿಂದ ಐಮನ್ ಭುಜ ಹಿಡಿದುಕೊಂಡೇ ಮನೆಗೆ ಬರುತ್ತಿದ್ದಳು. ಅದರ ಮೇಲೆ ಕೋಚ್‌ನಿಂದ ಚೀಟಿ ಬೇರೆ: ‘ಮುಷ್ಟಿ ಬಿಚ್ಚುತ್ತಾಳೆ, ತಿದ್ದಿ.’ ನನ್ನ ಪಿತ್ತ ನೆತ್ತಿಗೇರಿತು. ನನ್ನ ಅಪ್ಪನ ಕೈಯನ್ನು ಕದ್ದು, ಅದನ್ನೇ ನನ್ನ ಮಗಳಿಗೆ ಪಾಠ ಮಾಡಿ, ತಿದ್ದು ಅಂತ ನನಗೇ ಚೀಟಿ! ಭಾನುವಾರ ಪೋಷಕರ ಸಭೆ ಇತ್ತು. ಅದು ಯಾರ ಹೊಡೆತ ಎಂದು ಎಲ್ಲರ ಮುಂದೆ ಆಕೆಯ ಬಾಯಿಂದಲೇ ಹೇಳಿಸುವುದೆಂದು ತೀರ್ಮಾನಿಸಿ ಅಬ್ಬಾನನ್ನು ಹೊರಡಿಸಿದೆ.

“ನೀನು ಜಗಳ ಮಾಡಲ್ಲ ಅಂದ್ರೆ ಬರ್ತೀನಿ” ಎಂದರು ಅಬ್ಬಾ. ಮಾಡಲ್ಲ ಎಂದು ಮಾತು ಕೊಟ್ಟೆ. ಉಳಿಸಿಕೊಳ್ಳುವ ಉದ್ದೇಶ ಖಂಡಿತ ಇರಲಿಲ್ಲ.

ಕೋರ್ಟಿನ ಪಕ್ಕ ಶಾಮಿಯಾನ ಹಾಕಿದ್ದರು. ಮಕ್ಕಳು ಸಾಲಾಗಿ ನಿಂತು ಗಾಳಿಯಲ್ಲಿ ಬ್ಯಾಕ್‌ಹ್ಯಾಂಡ್ ಬೀಸುತ್ತಿದ್ದರು. ಇಪ್ಪತ್ತು ಎಡಗೈಗಳು, ಇಪ್ಪತ್ತು ಖಾಲಿ ಮುಷ್ಟಿಗಳು. ನಯನಾ ಮೇಡಂ ಮೈಕ್ ಹಿಡಿದಿದ್ದರು.

“ಈ ಮುಷ್ಟಿ ಇದೆಯಲ್ಲ, ಇದೇ ಬ್ಯಾಲೆನ್ಸ್. ಇದನ್ನ ನನಗೆ ಯಾರೂ ಹೇಳ್ಕೊಡ್ಲಿಲ್ಲ, ದೇವರೇ ಕೊಟ್ಟಿದ್ದು.”

ನಾನು ಎದ್ದು ನಿಂತೆ. “ದೇವರಲ್ಲ ಮೇಡಂ, ಕೊಟ್ಟಿದ್ದು ದರ್ಜಿ!”

ಯಾರೋ ಕಿಸಕ್ಕೆಂದರು. ಅಬ್ಬಾ ನನ್ನ ದುಪಟ್ಟಾ ಎಳೆದರು. ನಾನು ಕೂರಲಿಲ್ಲ. ಜೇಬಿಲ್ಲದ ಚಡ್ಡಿಯ ಕತೆಯನ್ನು ಪೂರ್ತಿ ಹೇಳಿದೆ. ಬುಟ್ಟಿಯಿಂದ ಎರಡು ಚೆಂಡು ತಂದು ಅಬ್ಬಾನ ಎಡಗೈಗೆ ತುರುಕಿ, ಅವರನ್ನು ಎಬ್ಬಿಸಿ ನಿಲ್ಲಿಸಿದೆ. ಎಪ್ಪತ್ತನಾಲ್ಕು ವರ್ಷದ ಆ ಕೈ ತಾನಾಗಿಯೇ ಸೊಂಟದ ಪಕ್ಕಕ್ಕೆ ಹೋಯಿತು, ಥೇಟ್ ಗೇಟಿನ ಮೇಲಿನ ಫೋಟೊ.

ನಯನಾ ಹತ್ತಿರ ಬಂದರು. “ಜಹೀರ್...” ಎಂದವರು ಆ ಮುಷ್ಟಿಯನ್ನೇ ನೋಡಿದರು. “ಕೈಯಲ್ಲಿ ಬಾಲ್ ಇತ್ತಾ? ನನಗೆ ನೆಟ್ಟಿನ ಆಚೆಯಿಂದ ಬರೀ ಮುಷ್ಟಿ ಕಾಣ್ತಿತ್ತು.”

ಆಕೆ ಸುಳ್ಳು ಹೇಳುತ್ತಿರಲಿಲ್ಲ. ಅದು ಇನ್ನೂ ಸಿಟ್ಟು ತರಿಸಿತು. ಆರು ವರ್ಷ ಎದುರು ನಿಂತು ಆಡಿದವನ ಕೈಯಲ್ಲಿ ಏನಿದೆ ಎಂದು ಒಮ್ಮೆಯೂ ನೋಡದಿರಲು ಎಷ್ಟು ಕೊಬ್ಬಿರಬೇಕು?

ಆದರೂ ಆಕೆ ಮೈಕಿನಲ್ಲೇ ಹೇಳಿದರು: “ಇದು ಇವರ ಹೊಡೆತ. ನಾಳೆನೇ ಗೇಟಿನ ಬರಹ ತೆಗೆಸ್ತೀನಿ.” ಎಲ್ಲರೂ ಚಪ್ಪಾಳೆ ತಟ್ಟಿದರು. ನಾನಂತೂ ಅಂಗೈ ಕೆಂಪಾಗುವಷ್ಟು ತಟ್ಟಿದೆ. ಬಂದ ಕೆಲಸ ಆಗಿತ್ತು.

ಅಬ್ಬಾ ಇದ್ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಚೆಂಡುಗಳನ್ನು ಬುಟ್ಟಿಗೆ ಹಾಕಿ ಸೀದಾ ಐಮನ್ ಹತ್ತಿರ ಹೋದರು. ಅವಳ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ರ‍್ಯಾಕೆಟ್‌ನ ಕುತ್ತಿಗೆಯ ಮೇಲಿಟ್ಟರು.

“ಇಲ್ಲಿ ಹಿಡಿ. ಈ ಕೈನೇ ರ‍್ಯಾಕೆಟ್ಟನ್ನ ಹಿಂದಕ್ಕೆ ಒಯ್ಯಬೇಕು, ಆಗ ಮೈ ತಿರುಗುತ್ತೆ. ಇಲ್ಲಾಂದ್ರೆ ಭಾರ ಎಲ್ಲ ಬಲ ಭುಜಕ್ಕೆ. ನನ್ನ ಮುಷ್ಟಿ ಆಟ ಅಲ್ಲ ಮಗಾ, ಅದು ನೌಕ್ರಿ.”

ಐಮನ್ ಬೀಸಿದಳು. ಮೈ ಪೂರ್ತಿ ತಿರುಗಿತು. ನಯನಾ ತಮ್ಮ ಬಲ ಭುಜದ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದರು. ಮೈಕ್ ಇನ್ನೂ ಆನ್ ಇತ್ತು.

“ಇದು ನಿಮಗೆ ಆಗ್ಲೇ ಗೊತ್ತಿತ್ತಾ?”

“ಮೊದಲನೇ ವಾರದಲ್ಲೇ ಗೊತ್ತಾಯ್ತಮ್ಮ. ದಿನಾ ನಾಲಿಗೆ ತುದಿಗೆ ಬರ್ತಿತ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನಿಮ್ಮ ಅಪ್ಪಾಜಿಯವರ ಬೋರ್ಡ್ ಇತ್ತಲ್ಲಮ್ಮ, ಗೋಡೆ ಮೇಲೆ.”

ಚಿಕ್ಕಬೈರಪ್ಪನ ಜನ್ಮ ಜಾಲಾಡಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಐಮನ್ ರ‍್ಯಾಕೆಟ್ ಇಳಿಸಿ ನನ್ನ ಕಡೆ ತಿರುಗಿದಳು.

“ಅಮ್ಮೀ, ನಾನಾಜಾನ್ ಅವತ್ತು ಮನೇಲಿ ಇದನ್ನೇ ಹೇಳೋಕೆ ಬಂದಿದ್ದು. ನೀನೇ ಬೇಡ ಅಂದೆ.”

ಅಬ್ಬಾ ನನ್ನ ಮುಖ ನೋಡಲಿಲ್ಲ. ಮುಂದಿನ ಹುಡುಗಿಯ ಹತ್ತಿರ ಹೋಗಿ ಅವಳ ಬೆರಳು ಬಿಡಿಸತೊಡಗಿದರು. ಅಕಾಡೆಮಿಯ ಆಫೀಸಿನ ಬೀರುವಿನಲ್ಲಿ ಆ ಷರತ್ತಿನ ಫಾರಂ ಇತ್ತು, ಕೆಳಗೆ ನನ್ನ ಸಹಿ ಇತ್ತು.